ಎರಡು ಸಾಲು ಕಿಟಕಿಯ ಹಡಗು

ಸ್ಟೋನ್‌ಹೌಸ್, ಪ್ಲಿಮತ್ ಪಕ್ಕ
9 ಜೂನ್ 1794

ಸೈಲಸ್,

ನೀನು ಬದುಕಿದ್ದೀಯ ಎಂದುಕೊಂಡೇ ಬರೆಯುತ್ತಿದ್ದೇನೆ. ಸತ್ತಿದ್ದರೆ ಯಾರಾದರೂ ಹೇಳಿ ಕಳಿಸುತ್ತಿದ್ದರು. ಬದುಕಿರುವವರ ಸುದ್ದಿ ಹೇಳುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ, ನಿನಗೂ ಇಲ್ಲ.

ನಾನಿನ್ನೂ ನೆಲದ ಮೇಲೆ ಬದುಕುವುದನ್ನು ಕಲಿಯುತ್ತಿದ್ದೇನೆ. ಒಂಬತ್ತು ವರ್ಷ ಹ್ಯಾಮೋಜ್ ನದಿಯಲ್ಲಿ, ಕಟ್ಟಿಹಾಕಿದ ಹಡಗಿನ ಮೇಲೆ ಸಂಸಾರ ಮಾಡಿದವಳಿಗೆ ಈ ಅಲ್ಲಾಡದ ಮಂಚದಲ್ಲಿ ನಿದ್ದೆ ಹೇಗೆ ಬರಬೇಕು ಹೇಳು. ಯುದ್ಧ ಬಂತು ಎಂದರು, ಹಡಗಿಗೆ ಜನ ತುಂಬಿದರು, "ಹೆಂಗಸರು, ಕೋಳಿಗಳು ಎಲ್ಲ ಕೆಳಗಿಳೀರಿ" ಎಂದರು. ಕೋಳಿಗಿಂತ ಮುಂಚೆ ಹೆಂಗಸರು ಎಂದರಲ್ಲ, ಅಷ್ಟೇ ನನಗೆ ಸಿಕ್ಕ ಮರ್ಯಾದೆ.

ಮನೆಯೊಡತಿ ಹಾಕಿಂಗಮ್ಮ ರೊಟ್ಟಿ ಅಂಗಡಿಯವನ ವಿಧವೆ. ಒಳ್ಳೆಯವಳೇ, ಆದರೆ ಸಮುದ್ರದ ಮಗ್ಗುಲಲ್ಲೇ ಹುಟ್ಟಿದರೂ ಹಡಗಿನ ಬಗ್ಗೆ ಏನೂ ಗೊತ್ತಿಲ್ಲ. ಮೊನ್ನೆ ಕೇಳಿದಳು:

"ನಿನ್ನ ಗಂಡ ಯಾವ ಹಡಗಿನ ಬಡಗಿ?"

"ಥೆಸ್ಸಲಿ. ಮೂರನೇ ದರ್ಜೆ."

"ಅಯ್ಯೋ ಪಾಪ! ಮೂರನೇ ದರ್ಜೆನಾ? ಹೋಗ್ಲಿ ಬಿಡು, ಮುಂದೆ ಒಳ್ಳೇದು ಸಿಗ್ಬಹುದು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಕೇಳಿ ಇಲ್ಲಿ" ಎಂದು ಕೂರಿಸಿಕೊಂಡು ಪಾಠ ಮಾಡಿದೆ. ಮೊದಲ ದರ್ಜೆಗೆ ನೂರು ತೋಪು, ಮೂರು ಅಂತಸ್ತು. ಅಂಥವು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು. ಎರಡನೆಯದೂ ಮೂರು ಅಂತಸ್ತೇ, ತೋಪು ಸ್ವಲ್ಪ ಕಡಿಮೆ. ಮೂರನೆಯದು ಎರಡು ಅಂತಸ್ತು, ತೋಪು ಹೊರಚಾಚಲು ಎರಡು ಸಾಲು ಕಿಟಕಿ, ಅರವತ್ತನಾಲ್ಕರಿಂದ ಎಂಬತ್ತು ತೋಪು. ನಿಜವಾದ ಯುದ್ಧ ಮಾಡುವುದು ಇವೇ. ಶತ್ರು ಎದುರು ಸಾಲಾಗಿ ನಿಲ್ಲುವ ಯೋಗ್ಯತೆ ಈ ಮೂರು ದರ್ಜೆಗಳಿಗೆ ಮಾತ್ರ. ನಾಲ್ಕನೆಯದು ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ. ಐದು, ಆರು ಎಂದರೆ ಒಂದೇ ಸಾಲು ಕಿಟಕಿಯ ಫ್ರಿಗೇಟುಗಳು, ಅತ್ತಿತ್ತ ಓಡಾಡಿ ಸುದ್ದಿ ತರುವಂಥವು. ಅದಕ್ಕಿಂತ ಕೆಳಗಿನವಕ್ಕೆ ದರ್ಜೆಯೇ ಇಲ್ಲ.

ಎಲ್ಲ ಕೇಳಿಸಿಕೊಂಡು ಹಾಕಿಂಗಮ್ಮ ಹೇಳಿದ್ದೇನು ಗೊತ್ತಾ? "ಆದ್ರೂ ಮೂರಕ್ಕಿಂತ ಒಂದು ವಾಸಿ ಅಲ್ವಾ?"

ನೀನು ಯಾವಾಗ ಬರುತ್ತೀಯ?

ಟ್ಯಾಮ್ಸಿನ್


ಥೆಸ್ಸಲಿ, ಸ್ಪಿಟ್‌ಹೆಡ್
2 ಜುಲೈ 1794

ಟ್ಯಾಮ್ಸಿನ್,

ಬದುಕಿದ್ದೇನೆ. ನನಗೆ ಬರೆಯಲು ಬರುವುದಿಲ್ಲ ಎಂಬುದು ನಿನಗೆ ಗೊತ್ತು. ಮರ ಕೊಯ್ಯುವಾಗ ಮಾತಾಡಬೇಕಿಲ್ಲ, ಅದಕ್ಕೇ ನಾನು ಬಡಗಿ ಆದದ್ದು.

ಒಂದು ಒಳ್ಳೆಯ ಸುದ್ದಿ. ಕ್ಯಾಪ್ಟನ್ ಊಟದ ಹೊತ್ತಿನಲ್ಲಿ ಅಂದರಂತೆ, ನಮ್ಮಂಥ ಅರವತ್ತನಾಲ್ಕು ತೋಪಿನ ಹಡಗುಗಳ ಕಾಲ ಮುಗಿಯಿತು ಅಂತ. ಫ್ರೆಂಚರ ಎಪ್ಪತ್ತನಾಲ್ಕರ ಮುಂದೆ ನಾವು ಬಡಕಲು. ಓಡಿ ಹಿಡಿಯೋಣ ಎಂದರೆ ಮೈ ಭಾರ. ದರ್ಜೆ ಮೂರಾದರೂ ಯುದ್ಧದ ಸಾಲಿನಲ್ಲಿ ನಮ್ಮನ್ನು ನಿಲ್ಲಿಸಲು ಅಡ್ಮಿರಲ್‌ಗಳಿಗೆ ಮನಸ್ಸಿಲ್ಲ. ಬೇರೆಯವರಿಗೆ ಇದು ಕೇಳಿ ಬೇಜಾರು. ನಾನು ಒಳಗೊಳಗೇ ಕುಣಿದೆ. ಬೇಡವಾದ ಹಡಗನ್ನು ಏನು ಮಾಡುತ್ತಾರೆ? ಹ್ಯಾಮೋಜ್‌ಗೆ ಎಳೆದು ತಂದು ಕಟ್ಟಿಹಾಕುತ್ತಾರೆ. ಜನ ಎಲ್ಲ ಇಳಿದು ಹೋಗುತ್ತಾರೆ, ಬಡಗಿ ಮಾತ್ರ ಹಡಗಿನ ಜೊತೆಗೇ ಇರುತ್ತಾನೆ. ಬಡಗಿಯ ಹೆಂಡತಿಯೂ.

ಸೇಬು ಕೀಳುವ ಹೊತ್ತಿಗೆ ನೀನು ನಮ್ಮ ಕೋಣೆಯಲ್ಲಿರುತ್ತೀಯ. ಇದು ನನ್ನ ಮಾತು. ಹಿಂಬದಿಯ ಕಿಟಕಿಗಳ ಬಿಜಾಗರಿಗೆ ಎಣ್ಣೆ ಹಾಕಿ ಇಟ್ಟಿದ್ದೇನೆ. ಈಗ ಅಲ್ಲಿ ಕ್ಯಾಪ್ಟನ್ ಮಲಗುತ್ತಾರೆ. ಅದು ನಮ್ಮ ಕೋಣೆ ಎಂದು ಅವರಿಗೆ ಗೊತ್ತಿಲ್ಲ.

ಸೈಲಸ್


ಸ್ಟೋನ್‌ಹೌಸ್
20 ಸೆಪ್ಟೆಂಬರ್ 1794

ಸೈಲಸ್,

ಸೇಬು ಕಿತ್ತಾಯಿತು. ಹಾಕಿಂಗಮ್ಮ ಅದನ್ನು ಕಡುಬು ಮಾಡಿದ್ದೂ ಆಯಿತು, ನಾನು ತಿಂದದ್ದೂ ಆಯಿತು. ನೀನೆಲ್ಲಿ?

ನಾನು ಗಂಟುಮೂಟೆ ಕಟ್ಟಿಟ್ಟಿದ್ದೇನೆ ಮಾರಾಯ. ಡಾಕ್‌ನಲ್ಲಿರುವ ಹಡಗಿನ ಹೆಂಗಸರಿಗೆಲ್ಲ ಹೇಳಿಬಿಟ್ಟಿದ್ದೇನೆ, ಇನ್ನೇನು ಥೆಸ್ಸಲಿ ಬಂತು, ನಾನು ಹತ್ತಿದೆ ಅಂತ. ಫ್ರಿಗೇಟಿನ ಬಡಗಿಯ ಹೆಂಡತಿ ಲವ್‌ಡೇ ಇದ್ದಾಳಲ್ಲ, ಅವಳಿಗೆ ಹೊಟ್ಟೆಯುರಿಯಲಿ ಅಂತ ಎರಡೆರಡು ಸಲ ಹೇಳಿದೆ. ಅವಳ ಗಂಡ ವರ್ಷದಲ್ಲಿ ವಾರವೂ ಬಂದರಿನಲ್ಲಿರುವುದಿಲ್ಲ. ಐದನೇ ದರ್ಜೆಗೆ ಯುದ್ಧ ಮುಗಿಯುವ ತನಕ ಬಿಡುವೆಲ್ಲಿ? "ನಿನ್ನದೇ ಪುಣ್ಯ ಕಣೆ ಟ್ಯಾಮ್ಸಿನ್" ಅಂದಳು. ನಾನು ಬೀಗಿದೆ.

ಕ್ರಿಸ್ಮಸ್ ಹಬ್ಬದ ಮುಂಚೆ ಬಾ. ಬರಲಾಗದಿದ್ದರೆ ಯಾಕೆಂದಾದರೂ ಬರೆ. ಉದ್ದಕ್ಕೆ ಬರೆ.

ಟ್ಯಾಮ್ಸಿನ್


ಪೋರ್ಟ್ಸ್‌ಮತ್
11 ನವೆಂಬರ್ 1794

ಟ್ಯಾಮ್ಸಿನ್,

ಹಡಗನ್ನು ಇಲ್ಲಿನ ಡಾಕ್‌ಯಾರ್ಡಿಗೆ ತಂದಿದ್ದಾರೆ. ಮರದ ಕೆಲಸ ಬಹಳ ಇದೆ. ಬೆಳಗಿನಿಂದ ಕತ್ತಲಾಗುವವರೆಗೆ ಗರಗಸ. ಚಳಿಗಾಲ ಪೂರ್ತಿ ಹಿಡಿಯಬಹುದು.

ನಾನು ಚೆನ್ನಾಗಿದ್ದೇನೆ. ಬೇರೆ ವಿಶೇಷ ಇಲ್ಲ. ಉಣ್ಣೆಯ ಕಾಲುಚೀಲ ತಲುಪಿತು.

ಸೈಲಸ್


ಸ್ಟೋನ್‌ಹೌಸ್
1 ಜನವರಿ 1795

ಸೈಲಸ್,

ಉದ್ದಕ್ಕೆ ಬರೆ ಎಂದರೆ ಕಾಲುಚೀಲದ ಸುದ್ದಿ ಬರೆದೆ. ಭೇಷ್!

ನಿನ್ನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಎಲ್ಲಾದರೂ ಇನ್ನೊಂದು ಸಾಲು ಇದೆಯಾ ಅಂತ. ಇರಲಿಲ್ಲ. ನಿನಗೆ ಅಲ್ಲಿ ಹೊತ್ತು ಹೋಗುತ್ತಿದೆ ಅಂತಾಯಿತು. ಇರಲಿ. ನನಗೂ ಇಲ್ಲಿ ಹೊತ್ತು ಹೋಗುತ್ತಿದೆ. ಕ್ರಿಸ್ಮಸ್‌ಗೆ ಹೆಂಗಸರೆಲ್ಲ ಸೇರಿದ್ದೆವು. ಲವ್‌ಡೇ ಕೇಸರಿ ಬನ್ನು ಮಾಡಿದ್ದಳು, ಹಾಡು, ನಗು, ಕೇಳಬೇಡ. ನೀನಿಲ್ಲ ಎಂಬುದೇ ಮರೆತುಹೋಗಿತ್ತು.

ಅಷ್ಟು ಮರದ ಕೆಲಸ ಏನಿದೆ ಅದಕ್ಕೆ? ಹಡಗಿಗೆ ಹುಳ ಹಿಡಿದಿದೆಯಾ? ಹಿಡಿದಿದ್ದರೆ ಇನ್ನೂ ಒಳ್ಳೆಯದೇ, ಬೇಗ ಕಟ್ಟಿಹಾಕುತ್ತಾರೆ. ಕೋಣೆಯ ಕಿಟಕಿ ಹತ್ತಿರದ ಹಲಗೆ ಮೆತ್ತಗಾಗಿತ್ತು, ಅದನ್ನೂ ಒಮ್ಮೆ ನೋಡು.

ಟ್ಯಾಮ್ಸಿನ್


ಪೋರ್ಟ್ಸ್‌ಮತ್
30 ಮಾರ್ಚ್ 1795

ಟ್ಯಾಮ್ಸಿನ್,

ಕೆಲಸ ಮುಗಿಯಿತು. ಏಪ್ರಿಲ್ ನಡುವಿನಲ್ಲಿ ಪ್ಲಿಮತ್‌ಗೆ ಬರುತ್ತೇವೆ. ಕಾಸಂಡ್ ಕೊಲ್ಲಿಯಲ್ಲಿ ಲಂಗರು ಹಾಕುತ್ತೇವೆ, ನೀರು ತುಂಬಿಸಿಕೊಳ್ಳುವಷ್ಟು ಹೊತ್ತು, ನಾಲ್ಕೈದು ದಿನ. ನಮಗಾರಿಗೂ ಇಳಿಯಲು ಅಪ್ಪಣೆ ಇಲ್ಲ. ಹೆಂಗಸರು ದೋಣಿಯಲ್ಲಿ ಬರಬಹುದು. ನೀನು ಬಾ.

ಒಂದು ವಿಷಯ ಹೇಳುವುದಿದೆ. ಕಾಗದದಲ್ಲಿ ಬರೆಯಲು ನಾಲ್ಕು ಸಲ ಕೂತೆ, ಆಗಲಿಲ್ಲ. ನೀನು ಎದುರಿಗೆ ಬಂದರೆ ಹೇಳುತ್ತೇನೆ. ಬೈಯುವುದಿದ್ದರೆ ಎದುರಿಗೇ ಬೈದುಬಿಡು.

ದಯವಿಟ್ಟು ಬಾ.

ಸೈಲಸ್


ಸ್ಟೋನ್‌ಹೌಸ್
23 ಏಪ್ರಿಲ್ 1795

ಸೈಲಸ್,

ಎಲ್ಲಿ ಹಾಳಾಗಿ ಹೋದೆ?

ಹದಿನಾಲ್ಕನೇ ತಾರೀಖಿನಿಂದ ದಿನವೂ ಹೋ ಗುಡ್ಡದ ಮೇಲೆ ನಿಂತಿದ್ದೇನೆ. ಬೆಳಿಗ್ಗೆ ಹೋದವಳು ಸಂಜೆಗೆ ಬರುವುದು. ಕೆಂಪು ಶಾಲು ಹೊದ್ದಿದ್ದೆ, ದೂರದಿಂದ ನಿನಗೆ ಕಾಣಲಿ ಅಂತ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎರಡು ಸಾಲು ಕಿಟಕಿ ಹುಡುಕಿದೆ. ಎರಡು ಎಪ್ಪತ್ತನಾಲ್ಕು ಬಂದು ಹೋದವು. ಎರಡೂ ನಿನ್ನದಲ್ಲ. ಒಂಬತ್ತು ವರ್ಷ ಇದ್ದ ಮನೆಯನ್ನು ನಾನು ಗುರುತು ಹಿಡಿಯದೆ ಇರುತ್ತೇನಾ? ಯಾರನ್ನೂ ಕೇಳುವ ಅಗತ್ಯವೂ ಇರಲಿಲ್ಲ.

ಕಾಸಂಡ್ ಕೊಲ್ಲಿಯಲ್ಲಿ ಒಂದು ಫ್ರಿಗೇಟು ಮಾತ್ರ ಇತ್ತು. ಬೇಜಾರು ಕಳೆಯಲು ಅದನ್ನೇ ನೋಡುತ್ತಾ ಕೂತಿದ್ದೆ. ಅಷ್ಟು ವಿಕಾರದ ಹಡಗು ನಾನು ಕಂಡಿಲ್ಲ ಸೈಲಸ್! ಮೈ ಅಗಲ, ಕುತ್ತಿಗೆಯೇ ಇಲ್ಲ, ಅದರ ಮೇಲೆ ಆಕಾಶ ಮುಟ್ಟುವ ಹಾಯಿಕಂಬಗಳು. ಕುಳ್ಳನೊಬ್ಬ ಅಪ್ಪನ ಟೋಪಿ ಹಾಕಿಕೊಂಡ ಹಾಗಿತ್ತು. ಇದನ್ನು ಕಟ್ಟಿದ ಬಡಗಿ ಕುಡಿದಿದ್ದನೋ ಏನೋ, ಇಂಥದ್ದರಲ್ಲಿ ಯಾವ ಪುಣ್ಯಾತ್ಮ ಸಮುದ್ರಕ್ಕೆ ಹೋಗುತ್ತಾನಪ್ಪ ಎಂದು ಒಬ್ಬಳೇ ನಕ್ಕೆ. ನೀನು ಪಕ್ಕದಲ್ಲಿದ್ದರೆ ನಿನ್ನನ್ನೂ ನಗಿಸುತ್ತಿದ್ದೆ.

ಒಬ್ಬ ದೋಣಿಯವನು ಬೆನ್ನು ಬಿದ್ದಿದ್ದ. "ಅಮ್ಮಾ, ದೋಣಿ ಬೇಕಾ? ಹೆಂಗಸ್ರೆಲ್ಲ ಫ್ರಿಗೇಟಿಗೆ ಹೋಗ್ತಾವ್ರೆ, ಜಾಗ ಐತೆ."

"ಐದನೇ ದರ್ಜೆಯವ್ರ ಹತ್ರ ನಂಗೇನಪ್ಪ ಕೆಲ್ಸ? ನಾನು ಮೂರನೇ ದರ್ಜೆ ಹಡಗಿನ ಬಡಗಿ ಹೆಂಡ್ತಿ. ಹೋಗ್ ಹೋಗ್" ಎಂದು ಅಟ್ಟಿದೆ. ಅವನು ಹಲ್ಲು ಕಿಸಿದುಕೊಂಡು ಹೋದ.

ಮೊನ್ನೆ ಆ ಫ್ರಿಗೇಟೂ ಹೊರಟುಹೋಯಿತು. ಕೊಲ್ಲಿ ಖಾಲಿಯಾಯಿತು. ಅದು ಹೋದದ್ದಕ್ಕೆ ನನಗೆ ಅಳು ಯಾಕೆ ಬಂತೋ ಗೊತ್ತಿಲ್ಲ. ಈ ಕಾಗದ ಹಡಗಿನ ಹೆಸರಿಗೆ ಹಾಕುತ್ತಿದ್ದೇನೆ, ನೀನೆಲ್ಲಿದ್ದರೂ ಅಂಚೆಯವರು ಹುಡುಕಿಕೊಂಡು ಬರಲಿ.

ಹೇಳುವುದಿದೆ ಎಂದಿದ್ದೆಯಲ್ಲ, ಏನದು? ಬೈಯುವುದಿಲ್ಲ, ಹೇಳು.

ಟ್ಯಾಮ್ಸಿನ್


ಥೆಸ್ಸಲಿ, ಸಮುದ್ರದಲ್ಲಿ
24 ಏಪ್ರಿಲ್ 1795

ಟ್ಯಾಮ್ಸಿನ್,

ಊರ ಕಡೆ ಹೊರಟ ಒಂದು ಸರಕಿನ ಹಡಗು ಎದುರಾಗಿದೆ. ಅದಕ್ಕೆ ಈ ಕಾಗದ ಕೊಡುತ್ತೇನೆ.

ಕೊಲ್ಲಿಯಲ್ಲಿ ಇದ್ದಷ್ಟು ದಿನ ನಾನು ಡೆಕ್ಕಿನ ಅಂಚು ಬಿಟ್ಟು ಕದಲಲಿಲ್ಲ. ಬಂದ ಪ್ರತಿ ದೋಣಿಯಲ್ಲೂ ಹುಡುಕಿದೆ. ಎಲ್ಲರ ಹೆಂಡಂದಿರೂ ಬಂದರು. ಮೂರನೆಯ ದಿನ ದೋಣಿಯವನೊಬ್ಬ ಮೇಲೆ ಹತ್ತಿ ಬಂದು ಎಲ್ಲರೆದುರು ಹೇಳಿ ನಗಾಡಿದ. "ಗುಡ್ಡದ ಮೇಲೆ ಒಬ್ಳು ನಿಂತವ್ಳೆ, ಕೆಂಪು ಶಾಲು, ನಾಲಿಗೆ ಅಂದ್ರೆ ಚೂರಿ. ಐದನೇ ದರ್ಜೆಯವ್ರ ಹತ್ರ ಅವ್ಳಿಗೇನೂ ಕೆಲ್ಸ ಇಲ್ವಂತೆ!" ಎಲ್ಲರೂ ನಕ್ಕರು. ನಾನೂ ನಕ್ಕೆ, ಇಲ್ಲದಿದ್ದರೆ ಅವಳು ನನ್ನ ಹೆಂಡತಿ ಎಂದು ಗೊತ್ತಾಗುತ್ತಿತ್ತು.

ಹಡಗಿನ ಮೇಲಿನ ಅಂತಸ್ತು ಕೊಯ್ದು ಅದನ್ನು ಫ್ರಿಗೇಟು ಮಾಡಿದ್ದು, ದರ್ಜೆ ಮೂರರಿಂದ ಐದಕ್ಕೆ ಇಳಿದದ್ದು ಡಾಕ್‌ನಲ್ಲಿ ಯಾರೋ ನಿನಗೆ ಮೊದಲೇ ಹೇಳಿರಬೇಕು. ನಾನೇ ಹೇಳಬೇಕಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು. ಆದರೂ ನೀನು ಬಂದು ಬೈಯುತ್ತೀಯ ಎಂದುಕೊಂಡಿದ್ದೆ. ಬರುವುದೇ ಇಲ್ಲ ಎಂದುಕೊಂಡಿರಲಿಲ್ಲ.

ಕಾರ್ಕ್‌ಗೆ ಹೋಗುತ್ತಿದ್ದೇವೆ. ಅಲ್ಲಿಂದ ಮುಂದೆ ಎಲ್ಲಿಗೋ ಗೊತ್ತಿಲ್ಲ. ನನ್ನ ಅರ್ಧ ಸಂಬಳ ಎಂದಿನಂತೆ ನಿನಗೆ ಬರುತ್ತದೆ. ಇನ್ನು ಕಾಗದ ಬರೆಯಬೇಕಾದ ಕಷ್ಟ ನಿನಗೆ ಬೇಡ.

ಎಸ್. ಪೆನ್‌ಗೆಲ್ಲಿ, ಬಡಗಿ


ಥೆಸ್ಸಲಿ, ಕೋವ್, ಕಾರ್ಕ್ ಬಂದರು
12 ಮೇ 1795

ಟ್ಯಾಮ್ಸಿನ್, ನನ್ನ ಟ್ಯಾಮ್ಸಿನ್,

ನಿನ್ನ ಇಪ್ಪತ್ತಮೂರನೆಯ ತಾರೀಖಿನ ಕಾಗದ ಇವತ್ತು ಕೈಗೆ ಬಂತು. ಹಿಂದಿನ ನನ್ನ ಕಾಗದ ನಿನಗೆ ತಲುಪಿದ್ದರೆ ಒಲೆಗೆ ಹಾಕು. ತಲುಪಿರದಿದ್ದರೆ ಬಂದ ಕೂಡಲೇ ಒಲೆಗೆ ಹಾಕು, ಓದಬೇಡ. ನಾನೊಬ್ಬ ಮುಠ್ಠಾಳ.

ನೀನು ನಕ್ಕ ಆ ಕುಳ್ಳ ನಾನೇ ಕಣೆ. ಅದನ್ನು ಕೊಯ್ದ ಬಡಗಿ ಕುಡಿದಿರಲಿಲ್ಲ. ಕುಡಿದಿದ್ದರೆ ಚೆನ್ನಾಗಿತ್ತು. ನಿನ್ನ ಕಾಗದ ಓದುತ್ತಾ ಕೆಳಗೆ ಮರದ ರಾಶಿಯ ಮೇಲೆ ಕೂತು ಎಷ್ಟು ನಕ್ಕೆನೆಂದರೆ ನನ್ನ ಕೈಕೆಳಗಿನವರು ಹೆದರಿ ಬಂದು ನೋಡಿದರು. ಆಮೇಲೆ ನಗುವಿರಲಿಲ್ಲ.

ಈಗ ಹೇಳುತ್ತೇನೆ. ಅಡ್ಮಿರಲ್‌ಗಳಿಗೆ ಬೇಡವಾದ ಅರವತ್ತನಾಲ್ಕನ್ನು ಕಟ್ಟಿಹಾಕುತ್ತಾರೆ ಎಂದುಕೊಂಡಿದ್ದೆ. ಕೊಯ್ಯುತ್ತಾರೆ ಎಂದು ನನಗೇನು ಗೊತ್ತು? ಭಾರ ಇಳಿಸಿದರೆ ಓಡುತ್ತದೆ, ಫ್ರೆಂಚ್ ಫ್ರಿಗೇಟುಗಳನ್ನೆಲ್ಲ ಹಿಡಿದು ಹೊಡೆಯುತ್ತದೆ ಎಂದರು. ನಿಜ, ಕುದುರೆಯಂತೆ ಓಡುತ್ತಿದೆ. ಲೆಕ್ಕದಲ್ಲಿ ನಲವತ್ತನಾಲ್ಕು ತೋಪು. ಗಿಡ್ಡ ತೋಪುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅವೂ ಇವೆ. ಕ್ಯಾಪ್ಟನ್‌ಗೆ ಹಿಗ್ಗೋ ಹಿಗ್ಗು. ಯುದ್ಧ ಮುಗಿಯುವ ತನಕ ಇದನ್ನು ಯಾರೂ ಕಟ್ಟಿಹಾಕುವುದಿಲ್ಲ. ಸೇಬಿನ ಹೊತ್ತಿಗೆ ಎಂದು ಮಾತು ಕೊಟ್ಟವನು ನಾನು. ಯಾವ ಬಾಯಲ್ಲಿ ಇದನ್ನು ಹೇಳಲಿ?

ಇನ್ನೊಂದಿದೆ. ನಮ್ಮ ಕೋಣೆ ಇದ್ದದ್ದು ಮೇಲೆ. ನಮ್ಮ ಕೂಸು ಜೆನ್ನಿಫರ್ ಹುಟ್ಟಿದ್ದು ಅಲ್ಲಿ, ಹೋದದ್ದೂ ಅಲ್ಲಿ. ಅವಳ ಹೆಸರನ್ನು ನಾವಿಬ್ಬರೂ ಅಂದಿನಿಂದ ಬಾಯಿ ಬಿಟ್ಟು ಹೇಳಿಲ್ಲ. ಆ ಗೋಡೆಗಳನ್ನು ಬೇರೆಯವರು ಕೊಯ್ಯುವುದನ್ನು ನೋಡಲಾರೆ ಎಂದು ನಾನೇ ಗರಗಸ ಹಿಡಿದೆ. ಒಂದು ತುಂಡು ಇಟ್ಟುಕೊಳ್ಳೋಣ ಎಂದುಕೊಂಡೆ. ಯಾವುದೆಂದು ತೋಚಲಿಲ್ಲ. ಅಷ್ಟರಲ್ಲಿ ಡಾಕ್‌ಯಾರ್ಡಿನವರು ಸೌದೆಗೆ ಹೊತ್ತುಕೊಂಡು ಹೋದರು. ನೀನು ಆ ಮೆತ್ತಗಾದ ಹಲಗೆ ನೋಡು ಎಂದು ಬರೆದದ್ದು ಅದರ ಮಾರನೆಯ ವಾರ ಬಂತು. ಅದಕ್ಕೆ ಏನು ಉತ್ತರ ಬರೆಯಲಿ ಹೇಳು.

ನಾಳೆ ಬೆಳಿಗ್ಗೆ ವೆಸ್ಟ್ ಇಂಡೀಸ್ ಕಡೆ ಹೊರಡುತ್ತೇವೆ, ಸರಕಿನ ಹಡಗುಗಳಿಗೆ ಕಾವಲಾಗಿ. ಎರಡು ವರ್ಷ ಎನ್ನುತ್ತಾರೆ. ಅಲ್ಲಿನ ಜ್ವರದ ಸುದ್ದಿ ನಿನಗೂ ಗೊತ್ತು, ನಾನು ಮುಚ್ಚಿಡುವುದಿಲ್ಲ. ಇನ್ನು ಏನನ್ನೂ ಮುಚ್ಚಿಡುವುದಿಲ್ಲ.

ನೀನು ಎಲ್ಲಿಗೂ ಹೋಗಬೇಡ. ಅಲ್ಲೇ ಇರು, ಹಾಕಿಂಗಮ್ಮನ ಮನೆಯಲ್ಲೇ. ಕಾಗದ ಎಲ್ಲ ಅಲ್ಲಿಗೇ ಹಾಕುತ್ತೇನೆ. ನೀನು ಅಲ್ಲಿದ್ದೀಯ ಎಂದು ಗೊತ್ತಿದ್ದರೆ ನನಗೆ ಅಷ್ಟು ಸಾಕು.

ನಿನ್ನ
ಸೈಲಸ್


ಕೋವ್, ಕಾರ್ಕ್ ಬಂದರು
18 ಮೇ 1795

ಸೈಲಸ್,

ನಾನು ಇಲ್ಲಿದ್ದೇನೆ. ನೀನಿಲ್ಲ.

ನಿನ್ನ ಸಿಟ್ಟಿನ ಕಾಗದ ಬಂದಾಗ ಒಂದು ಸಲ ಓದಿದೆ, ಅರ್ಥವಾಗಲಿಲ್ಲ. ಇನ್ನೊಂದು ಸಲ ಓದಿದೆ. ಆಮೇಲೆ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ. ಹಾಕಿಂಗಮ್ಮ "ಯಾರು ಹೋದ್ರೇ?" ಎಂದು ಓಡಿ ಬಂದಳು. ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಹಾಕ! ನಾಲ್ಕು ದಿನ ನಿನ್ನನ್ನು ಎದುರಿಗಿಟ್ಟುಕೊಂಡು ನಕ್ಕೆನಲ್ಲ. ಕಿಟಕಿಯ ಸಾಲು ಎಣಿಸಿದೆ, ಹಡಗನ್ನು ನೋಡಲಿಲ್ಲ.

ಡಾಕ್‌ನಲ್ಲಿ ಯಾರೋ ಹೇಳಿರಬೇಕು ಎಂದೆಯಲ್ಲ, ಯಾರೂ ಹೇಳಲಿಲ್ಲ. ಸೇಬಿನ ಕಾಲ ಕಳೆದ ಮೇಲೆ ನಾನು ಡಾಕ್ ಕಡೆ ತಲೆ ಹಾಕಿಲ್ಲ. ಅಷ್ಟು ಜಂಬ ಕೊಚ್ಚಿಕೊಂಡು ಬಂದವಳು, "ಎಲ್ಲೇ ನಿನ್ನ ಹಡಗು" ಎಂದರೆ ಯಾವ ಮುಖ ತೋರಿಸಲಿ? ಕ್ರಿಸ್ಮಸ್ ದಿನ ಹೆಂಗಸರು ಸೇರಿದ್ದು, ಹಾಡಿದ್ದು, ಎಲ್ಲ ಸುಳ್ಳು. ಹಾಕಿಂಗಮ್ಮ ಮಗಳ ಮನೆಗೆ ಹೋಗಿದ್ದಳು. ನಾನು ಆರಿದ ಕಡುಬು ತಿಂದು ಮಲಗಿದೆ. ನನಗೆ ಮಾತಾಡಲು ಯಾರೂ ಇಲ್ಲ ಸೈಲಸ್. ನೀನು ಬಿಟ್ಟರೆ ಎಂದೂ ಇರಲಿಲ್ಲ. ಅದನ್ನು ನಿನಗೆ ಬರೆದಿದ್ದರೆ ನೀನೂ ಹಡಗಿನ ವಿಷಯ ಬರೆಯುತ್ತಿದ್ದೆಯೇನೋ.

ಮೇಲಿನ ಅಂತಸ್ತು ಹೋಯಿತೆಂದರೆ ನಮ್ಮ ಕೋಣೆಯೂ ಹೋಯಿತು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಕೋಣೆ ಹೋದದ್ದಕ್ಕಲ್ಲ, ಅದು ಹೋಗುವಾಗ ನೀನೊಬ್ಬನೇ ಇದ್ದೆಯಲ್ಲ, ಅದಕ್ಕೆ ನನಗೆ ಸಂಕಟವಾಯಿತು. ನನ್ನನ್ನು ಕರೆಯಬಾರದಿತ್ತಾ? ಪೋರ್ಟ್ಸ್‌ಮತ್‌ಗೆ ನಡೆದಾದರೂ ಬರುತ್ತಿದ್ದೆ.

ಹಂದಿಮಾಂಸ ತರಲು ಹೊರಟಿದ್ದ ಸರಕು ಹಡಗಿನಲ್ಲಿ ಬಂದೆ. ಒಂಬತ್ತು ವರ್ಷ ಹಡಗಿನಲ್ಲಿದ್ದವಳು ಸಮುದ್ರ ಕಂಡದ್ದು ಇದೇ ಮೊದಲು. ನಮ್ಮದು ಯಾವತ್ತು ಜಾಗ ಬಿಟ್ಟು ಹೊರಟಿತ್ತು ಹೇಳು! ವಾಂತಿ ಮಾಡಿ ಮಾಡಿ ಕರುಳೇ ಬಾಯಿಗೆ ಬಂತು. "ಬಡಗಿ ಹೆಂಡ್ತಿ ಅಂತೆ, ನೋಡ್ರೋ" ಎಂದು ಅವರೆಲ್ಲ ನಕ್ಕರು.

ಇಲ್ಲಿ ಇಳಿದ ಕೂಡಲೇ ದಡದಲ್ಲಿದ್ದ ಒಬ್ಬನನ್ನು ಕೇಳಿದೆ.

"ಥೆಸ್ಸಲಿ ಎಲ್ಲಪ್ಪಾ?"

"ಯಾವ್ದಮ್ಮಾ ಅದು? ಎರಡಂತಸ್ತಿಂದಾ?"

"ಇಲ್ಲಪ್ಪ. ಫ್ರಿಗೇಟು. ಐದನೇ ದರ್ಜೆ. ಮೈ ಗಿಡ್ಡ, ಕಂಬ ಉದ್ದ."

"ಓ, ಅದಾ! ಹೋದ ಬುಧವಾರನೇ ಹೋಯ್ತಲ್ಲಮ್ಮಾ, ವೆಸ್ಟ್ ಇಂಡೀಸ್‌ಗೆ." ಎಂದು ಸಮುದ್ರದ ಕಡೆ ಕೈ ತೋರಿಸಿದ. ಅಲ್ಲಿ ಏನೂ ಇರಲಿಲ್ಲ.

ಈ ಕಾಗದ ಯಾವ ದ್ವೀಪಕ್ಕೆ ಹಾಕಬೇಕೆಂದು ಯಾರಿಗೂ ಗೊತ್ತಿಲ್ಲ. ಸಿಟ್ಟಿನ ಕಾಗದದ ನಂತರ ನೀನು ನನಗೆ ಏನನ್ನಾದರೂ ಬರೆದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಬರೆಯಬೇಡ ಎಂದಿದ್ದೀಯ. ನಾನು ಬರೆಯುತ್ತೇನೆ, ಏನು ಮಾಡುತ್ತೀಯೋ ಮಾಡು. ನಿನ್ನ ದರ್ಜೆ ನೋಡಿಕೊಂಡು ನಾನು ಮದುವೆಯಾದೆನಾ? ಆಗ ನಿನಗೆ ಹಡಗೇ ಇರಲಿಲ್ಲ, ಒಂದು ಗರಗಸ ಇತ್ತು.

ಸ್ಟೋನ್‌ಹೌಸ್‌ಗೆ ವಾಪಸ್ಸು ಹೋಗುವುದಿಲ್ಲ. ಅಲ್ಲಿಂದ ಕಾಗದ ಕಳಿಸಿಕೊಡಿ ಎಂದು ಹಾಕಿಂಗಮ್ಮನಿಗೆ ಹೇಳೋಣವೆಂದರೆ ಅವಳಿಗೆ ಓದಲು ಬಾರದು. ವೆಸ್ಟ್ ಇಂಡೀಸ್‌ನಿಂದ ಬರುವ ಹಡಗುಗಳು ಎಷ್ಟೋ ಸಲ ಮೊದಲು ಇಲ್ಲಿಗೇ ಬರುತ್ತವಂತೆ. ಒಬ್ಬರ ಮನೆಯಲ್ಲಿ ಹಡಗಿನವರ ಬಟ್ಟೆ ಒಗೆಯುವ ಕೆಲಸ ಹಿಡಿದಿದ್ದೇನೆ. ಕಿಟಕಿಯಿಂದ ಬಂದರು ಕಾಣುತ್ತದೆ, ಆದರೆ ಕಿಟಕಿಯಿಂದ ನೋಡುವುದನ್ನು ನಾನು ಬಿಟ್ಟೆ. ಹಡಗು ಬಂದರೆ ದೋಣಿ ಹತ್ತಿ ಹತ್ತಿರವೇ ಹೋಗುತ್ತೇನೆ. ದೊಡ್ಡದಿರಲಿ, ಚಿಕ್ಕದಿರಲಿ, ಎಷ್ಟು ಸಾಲು ಕಿಟಕಿಯಾದರೂ ಇರಲಿ, "ನಿಮ್ಮ ಬಡಗಿ ಯಾರ್ರಪ್ಪಾ?" ಎಂದು ಕೂಗಿ ಕೇಳುತ್ತೇನೆ. ನಿನ್ನೆ ಇಬ್ಬರು ಬೈದು ಕಳಿಸಿದರು. ಒಂದು ಕಲ್ಲಿದ್ದಲಿನ ದೋಣಿ, ಅದರಲ್ಲಿ ಬಡಗಿಯೇ ಇರಲಿಲ್ಲ.

ಟ್ಯಾಮ್ಸಿನ್